ವಾರಕ್ಕೆ ಹೋದ ಕರು

ನ್ಯೂಜೆರ್ಸಿಯ ಎಡಿಸನ್ನಿನ ನಮ್ಮ ಬಳಗದಲ್ಲಿ ಯಾರದಾದರೂ ಮಗನೋ ಮಗಳೋ ಬ್ಯಾಂಕುಗಳ ಆರೋಗ್ಯ ಅಳೆಯುವ ಕೆಲಸಕ್ಕೆ ಸೇರಿದರೆ, ಅವರನ್ನು ಒಂದು ಸಲ ನನ್ನ ಮನೆಗೆ ಕರೆತರುವ ವಾಡಿಕೆ ಇದೆ. ಬಂದವರು ಮೊದಲು ಸಂಬಳದ ವಿಷಯ ಕೇಳುತ್ತಾರೆ. ಆಮೇಲೆ ವೀಸಾ ಕೇಳುತ್ತಾರೆ, ವಾರದಲ್ಲಿ ಎಷ್ಟು ದಿನ ಮನೆಯಿಂದಲೇ ಕೆಲಸ ಮಾಡಬಹುದು ಎಂದು ಕೇಳುತ್ತಾರೆ. "ಆಂಟಿ, ನೀವು ಮಾಡಿದ ದೊಡ್ಡ ತಪ್ಪು ಯಾವುದು?" ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಬೇಕಾದದ್ದು ಅದೊಂದೇ. ಕೇಳದಿದ್ದರೂ ಹೇಳುವ ವಯಸ್ಸು ನನ್ನದು, ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಏನೆಂದು ಮೊದಲು ತಿಳಿದಿರಲಿ. ಮ್ಯಾನ್‌ಹಟನ್ನಿನ ಕೆಳತುದಿಯಲ್ಲಿದ್ದ ಒಂದು ಕಂಪನಿಯಲ್ಲಿ ನಾನು ಮೂವತ್ತೊಂದು ವರ್ಷ ಇದ್ದೆ. ಶಾಲೆಯಲ್ಲಿ ಮೇಷ್ಟರು ಮಕ್ಕಳಿಗೆ ಹಾಕುವ ಹಾಗೆ ನಾವು ಬ್ಯಾಂಕುಗಳಿಗೆ ಅಂಕ ಹಾಕುತ್ತಿದ್ದೆವು. ಆ ಅಂಕ ನೋಡಿಕೊಂಡು ಲೋಕದ ಜನ ಆ ಬ್ಯಾಂಕಿಗೆ ದುಡ್ಡು ಕೊಡುತ್ತಿದ್ದರು, ಇಲ್ಲವೇ ಕೈ ಹಿಂದೆ ತೆಗೆದುಕೊಳ್ಳುತ್ತಿದ್ದರು. ಕೇಳುವ ಪ್ರಶ್ನೆಗಳು ಐದೇ. ಸ್ವಂತ ಬಂಡವಾಳ ಎಷ್ಟಿದೆ? ಕೊಟ್ಟದ್ದು ವಾಪಸು ಬರುತ್ತದೆಯೇ? ನಡೆಸುವವರು ಎಂಥವರು? ಸಂಪಾದನೆ ಹೇಗಿದೆ? ಜನ ಒಟ್ಟಿಗೆ ಬಂದು ಬಾಗಿಲು ಬಡಿದರೆ ಕೈಯಲ್ಲಿ ನಗದು ಇದೆಯೇ? ಈ ಐದು ಪ್ರಶ್ನೆಗೆ ಉತ್ತರ ಕೊಡಲಾಗದ ಬ್ಯಾಂಕು ಅಮೃತಶಿಲೆಯ ಕಂಬ ನಿಲ್ಲಿಸಿಕೊಂಡಿದ್ದರೂ ಒಂದೇ, ತಗಡಿನ ಶೆಡ್ಡಿನಲ್ಲಿದ್ದರೂ ಒಂದೇ.

ನಾನು ಸೇರಿದಾಗ ಬ್ಯಾಂಕುಗಳ ವಾರ್ಷಿಕ ವರದಿಗಳು ಅಂಚೆಯಲ್ಲಿ ಬರುತ್ತಿದ್ದವು. ಪೆನ್ಸಿಲು ಹಿಡಿದು ಗೆರೆ ಹಾಕಿದ ಕಾಗದದ ಮೇಲೆ ಅಂಕಿಗಳನ್ನು ಇಳಿಸಿಕೊಳ್ಳುತ್ತಿದ್ದೆವು. ಆಮೇಲೆ ಸ್ಪ್ರೆಡ್‌ಶೀಟ್ ಬಂತು. ಈಗ ಒಂದು ಗುಂಡಿ ಒತ್ತಿದರೆ ಯಂತ್ರವೇ ಅಂಕ ಹಾಕಿ, ಜೊತೆಗೆ ಎರಡು ಪುಟ ವಿವರಣೆಯನ್ನೂ ಬರೆದು ಕೊಡುತ್ತದಂತೆ. ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ. ಪೆನ್ಸಿಲು ಹಿಡಿದು ನಾನು ಮಾಡಿದ ತಪ್ಪುಗಳೇನೂ ಯಂತ್ರ ಮಾಡುವುದಕ್ಕಿಂತ ಕಡಿಮೆ ಇರಲಿಲ್ಲ.

ನನ್ನ ಮೇಲಧಿಕಾರಿಯ ಹೆಸರು ಹೆರಾಲ್ಡ್. ಆರಡಿ ಎತ್ತರ, ಸದಾ ಸಣ್ಣಗೆ ಕೆಮ್ಮು, ಮೇಜಿನ ಮೇಲೆ ಒಂದು ಕಾಗದವೂ ಇಲ್ಲದ ಮನುಷ್ಯ. ಇಸ್ಲಾಮಿಕ್ ಬ್ಯಾಂಕುಗಳ ಕಡತ ಕಂಪನಿಗೆ ಮೊದಲ ಸಲ ಬಂದಾಗ ಅದನ್ನು ತಂದು ನನ್ನ ಮುಂದಿಟ್ಟ.

"ಸರೋಜಾ, ನೀವು ಆ ಕಡೆಯವರಲ್ಲವೇ?" ಎಂದ.

ನಾನು ಮಂಡ್ಯದ ಕಡೆಯವಳು, ಮಂಡ್ಯಕ್ಕೂ ಅರಬ್ ದೇಶಗಳಿಗೂ ನಡುವೆ ಒಂದು ಇಡೀ ಸಮುದ್ರ ಇದೆ ಎಂದು ಹೇಳಲು ಬಾಯಿಗೆ ಬಂದಿತ್ತು. ಆದರೆ ಹೊಸ ಕೆಲಸ, ಮೇಲಾಗಿ ಗ್ರೀನ್ ಕಾರ್ಡಿನ ಅರ್ಜಿ ನಡುದಾರಿಯಲ್ಲಿತ್ತು. "ಹೌದು, ಆ ಕಡೆಯವಳೇ" ಎಂದೆ. ಹಾಗೆ ಒಂದು ಸುಳ್ಳಿನಿಂದ ನನ್ನ ಪರಿಣತಿ ಶುರುವಾಯಿತು.

ಇಸ್ಲಾಮಿಕ್ ಬ್ಯಾಂಕು ಬಡ್ಡಿ ಕೊಡುವುದಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಇಷ್ಟು ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಅಂಕ ಹಾಕಲು ಬಳಸುವ ನಮ್ಮ ಅಚ್ಚುಹಾಳೆಯ ಮೊದಲ ಸಾಲೇ "ಬಡ್ಡಿ ಆದಾಯ". ಕಡತದ ಮೊದಲ ಬ್ಯಾಂಕಿಗೆ ಅಲ್ಲಿ ನಾನು ಪ್ರಾಮಾಣಿಕವಾಗಿ ಸೊನ್ನೆ ಬರೆದೆ. ಮಿಕ್ಕಿದ್ದನ್ನು ಲೆಕ್ಕ ಹಾಕಿ ಇಪ್ಪತ್ತೆರಡು ಬ್ಯಾಂಕುಗಳ ಪಟ್ಟಿಯಲ್ಲಿ ಅದನ್ನು ಕಟ್ಟಕಡೆಗೆ ಕೂರಿಸಿ ಹೆರಾಲ್ಡನಿಗೆ ಕಳಿಸಿದೆ. ಊಟಕ್ಕೆ ಮುಂಚೆ ಅವನು ಹಾಳೆ ಹಿಡಿದುಕೊಂಡು ಬಂದ.

"ಈ ಬ್ಯಾಂಕಿಗೆ ಒಂದು ಕಾಸೂ ಆದಾಯವಿಲ್ಲ ಎಂದು ಬರೆದಿದ್ದೀರಿ. ಹಾಗಾದರೆ ಇದು ಹುಟ್ಟಿದ ದಿನವೇ ಸತ್ತಿರಬೇಕು. ಆದರೆ ಹೋದ ತಿಂಗಳು ಷೇರುದಾರರಿಗೆ ಲಾಭಾಂಶ ಹಂಚಿದೆ. ಸತ್ತವರು ಲಾಭಾಂಶ ಹಂಚುವುದನ್ನು ನಾನು ಇಷ್ಟು ವರ್ಷದ ಸರ್ವಿಸಿನಲ್ಲಿ ನೋಡಿಲ್ಲ."

ಸುತ್ತಲಿನವರು ನಕ್ಕರು. ಇಡ್ಲಿ ತಟ್ಟೆಯಲ್ಲಿ ದೋಸೆ ಹುಯ್ಯಲು ಹೊರಟಿದ್ದೆ ಎಂದು ಆಗ ತಿಳಿಯಿತು. ಆ ಬ್ಯಾಂಕು ಕಾರಿಗೆ ಸಾಲ ಕೊಡುವುದಿಲ್ಲ. ತಾನೇ ಕಾರು ಕೊಂಡು, ಮೇಲೆ ಇಷ್ಟು ಲಾಭ ಎಂದು ಮುಚ್ಚುಮರೆಯಿಲ್ಲದೆ ಹೇಳಿ, ಕಂತಿನ ಮೇಲೆ ಮಾರುತ್ತದೆ. ಅದರ ಆದಾಯ ವ್ಯಾಪಾರದ ಸಾಲಿನಲ್ಲಿತ್ತು. ನಾನು ಆ ಪುಟ ತಿರುವಿಯೇ ಇರಲಿಲ್ಲ.

ಎರಡನೆಯ ತಪ್ಪು ಇದಕ್ಕೆ ಉಲ್ಟಾ. ಕಂತು ತಡವಾದರೆ ಆ ಬ್ಯಾಂಕೂ ದಂಡ ಹಾಕುತ್ತದೆ. ನಾನು ಬಹಳ ಜಾಣೆಯ ಹಾಗೆ ಆ ದಂಡವನ್ನೂ ಆದಾಯಕ್ಕೆ ಸೇರಿಸಿದೆ. ಆ ದುಡ್ಡು ಬ್ಯಾಂಕಿನದಲ್ಲ, ದಾನಕ್ಕೆ ಹೋಗತಕ್ಕದ್ದು ಎಂದು ಹೇಳಿಕೊಟ್ಟವರು ಯೂಸುಫ್ ಸಾಹೇಬರು. ಈ ಕಥೆ ಅರ್ಧ ಅವರದು, ಹಾಗಾಗಿ ಅವರ ಪರಿಚಯ ಮಾಡಿಕೊಡಬೇಕು.

ಅವರು ಅರಬ್ ಕೊಲ್ಲಿಯ ಒಂದು ಊರಿನ ಇಸ್ಲಾಮಿಕ್ ಬ್ಯಾಂಕಿನಲ್ಲಿ ಹಣಕಾಸಿನ ಮುಖ್ಯಸ್ಥರಾಗಿದ್ದರು. ಊರಿನ ಹೆಸರೂ ಬೇಡ, ಬ್ಯಾಂಕಿನ ಹೆಸರೂ ಬೇಡ. ಮೊದಲ ಸಲ ಅವರು ನ್ಯೂಯಾರ್ಕಿಗೆ ಬಂದಿದ್ದಾಗ, ಮೀಟಿಂಗಿನಲ್ಲಿ ಒಂದು ಗಂಟೆ ಇಂಗ್ಲಿಷಿನಲ್ಲಿ ದಂಡದ ವಿಷಯ ವಿವರಿಸಿ, ಕೊನೆಗೆ ನನ್ನ ಕಾರ್ಡು ನೋಡಿದರು.

"ಮೇಡಂ, ನೀವು ಕನ್ನಡದವರಾ?"

"ಹೌದು, ನೀವು?"

"ಭಟ್ಕಳ, ಮಾರಾಯ್ರೆ! ಒಂದು ತಾಸಿಂದ ಎಂತಕ್ಕೆ ಇಂಗ್ಲಿಷಲ್ಲಿ ಒದ್ದಾಡ್ತಾ ಇದ್ದೇವೆ ನಾವು?"

ಆಮೇಲೆ ಅವರೊಡನೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇನೆ. ನಮ್ಮ ಕಂಪನಿಯ ನಿಯಮದ ಪ್ರಕಾರ ಪ್ರತಿ ಫೋನಿಗೂ ನಮ್ಮ ಕಡೆ ಇಬ್ಬರು ಇರಬೇಕು. ಹೆರಾಲ್ಡ್ ಪಕ್ಕದಲ್ಲಿ ಕೂತಿರುತ್ತಿದ್ದ. ಕೆಲಸದ ಮಾತೆಲ್ಲ ಇಂಗ್ಲಿಷಿನಲ್ಲಿ, ಕೊನೆಯ ಎರಡು ನಿಮಿಷ ಕನ್ನಡದಲ್ಲಿ. ಆ ಎರಡು ನಿಮಿಷವನ್ನು ಹೆರಾಲ್ಡ್ ತನ್ನ ಟಿಪ್ಪಣಿಯಲ್ಲಿ "ಕುಶಲೋಪರಿ" ಎಂದು ಬರೆದುಕೊಳ್ಳುತ್ತಿದ್ದ.

ಈಗ ನಿಜವಾದ ಕಗ್ಗಂಟಿಗೆ ಬರುತ್ತೇನೆ. ಸಾಮಾನ್ಯ ಬ್ಯಾಂಕಿನಲ್ಲಿ ನೀವು ದುಡ್ಡು ಇಟ್ಟರೆ ಅದು ಠೇವಣಿ. ಬ್ಯಾಂಕಿಗೆ ಲಾಭ ಬರಲಿ, ಬೆಂಕಿ ಬೀಳಲಿ, ಮಾತು ಕೊಟ್ಟಷ್ಟು ಬಡ್ಡಿ ಸೇರಿಸಿ ಅದು ನಿಮಗೆ ವಾಪಸು ಕೊಡಲೇಬೇಕು. ಇಸ್ಲಾಮಿಕ್ ಬ್ಯಾಂಕಿನಲ್ಲಿ ಪಾಲುದಾರಿಕೆಯ ಖಾತೆ ಎಂದು ಒಂದಿದೆ. ಅದಕ್ಕೆ ಮುದಾರಬಾ ಎನ್ನುತ್ತಾರೆ. ದುಡ್ಡು ನಿಮ್ಮದು, ದುಡಿಸುವ ಶ್ರಮ ಬ್ಯಾಂಕಿನದು. ಲಾಭ ಬಂದರೆ ಮೊದಲೇ ಮಾತಾಡಿಕೊಂಡ ಹಾಗೆ ಹಂಚಿಕೆ. ನಷ್ಟವಾದರೆ ನಷ್ಟ ನಿಮ್ಮದು, ಬ್ಯಾಂಕಿಗೆ ಶ್ರಮ ವ್ಯರ್ಥ. ಹಾಗಾದರೆ ಈ ದುಡ್ಡನ್ನು ಬ್ಯಾಂಕಿನ ಸಾಲ ಎನ್ನಬೇಕೋ ಬಂಡವಾಳ ಎನ್ನಬೇಕೋ? ಎರಡೂ ಬಗೆಯ ಬ್ಯಾಂಕುಗಳನ್ನು ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಇಟ್ಟು ಅಳೆಯಬೇಕಾದ ನಮಗೆ ಇದು ದೊಡ್ಡ ತಲೆನೋವು. ಅಂಕಗಳನ್ನು ಅಂತಿಮಗೊಳಿಸುವ ನಮ್ಮ ಕಮಿಟಿಯಲ್ಲಿ ಎರಡು ತಿಂಗಳು ಜಗಳ ನಡೆಯಿತು.

ಆ ಜಗಳ ಬಿಡಿಸಿದವಳು ನಾನು. ಹೆಮ್ಮೆಯಿಂದಲೇ ಹೇಳುತ್ತೇನೆ, ಏಕೆಂದರೆ ಆಗ ಬಹಳ ಹೆಮ್ಮೆ ಇತ್ತು.

ಒಂದು ದಿನ ಕಮಿಟಿಯಲ್ಲಿ ಎದ್ದು ನಿಂತು ನಮ್ಮೂರಿನ ವಾರದ ಪದ್ಧತಿ ಹೇಳಿದೆ. ಹಳೇ ಮೈಸೂರು ಕಡೆ ಹಳ್ಳಿಯಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತದೆ. ಕರು ಒಬ್ಬರದು, ಅದನ್ನು ಮೇಯಿಸಿ ಸಾಕುವವರು ಇನ್ನೊಬ್ಬರು. ದೊಡ್ಡದಾದ ಮೇಲೆ ಬಂದ ಲಾಭದಲ್ಲಿ ಅರ್ಧ ಅರ್ಧ. ನಡುವೆ ಕರು ಸತ್ತರೆ ನಷ್ಟ ಕೊಟ್ಟವರದು, ಸಾಕಿದವರಿಗೆ ಹುಲ್ಲು ಹಾಕಿದ ಶ್ರಮ ದಂಡ. ಇದಕ್ಕೆ ಕರುವನ್ನು ವಾರಕ್ಕೆ ಕೊಡುವುದು ಎನ್ನುತ್ತಾರೆ. ನಮ್ಮ ಅಜ್ಜ ಇದರಲ್ಲಿ ಹೆಸರುವಾಸಿ. ಹತ್ತು ಮನೆಯ ಕರುಗಳು ಯಾವಾಗಲೂ ನಮ್ಮ ಕೊಟ್ಟಿಗೆಯಲ್ಲಿ ಇರುತ್ತಿದ್ದವು.

ಕಮಿಟಿಯವರಿಗೆ ಮಜ ಬರಲೆಂದು ನನ್ನದೇ ಕಥೆಯೊಂದನ್ನು ಸೇರಿಸಿದೆ. ನಮ್ಮ ಮನೆಯ ಹಸುವಿಗೆ ಹುಟ್ಟಿದ ಒಂದು ಕರು ಇತ್ತು, ಹಣೆಯ ಮೇಲೆ ಬಿಳಿ ಚುಕ್ಕೆ. ಅದರ ಹೆಸರು ಚುಕ್ಕಿ. ನನಗೆ ಆರು ವರ್ಷ, ನನ್ನ ತಟ್ಟೆಯ ರೊಟ್ಟಿಯಲ್ಲಿ ಅರ್ಧ ಅದಕ್ಕೆ. ಒಂದು ದಿನ ಶಾಲೆಯಿಂದ ಬಂದರೆ ಚುಕ್ಕಿ ಇಲ್ಲ. ಜೋರಾಗಿ ಅತ್ತುಬಿಟ್ಟೆ. ಅಜ್ಜ ಎತ್ತಿಕೊಂಡು, "ವಾರಕ್ಕೆ ಕೊಟ್ಟಿದ್ದೀನಿ ಕಣವ್ವ, ಅಳಬೇಡ" ಎಂದರು. ವಾರ ಎಂದರೆ ಏಳು ದಿನ ಎಂದಷ್ಟೇ ನನಗೆ ಗೊತ್ತಿದ್ದದ್ದು. ಏಳು ದಿನ ಸಂಜೆ ಬಾಗಿಲಲ್ಲಿ ರೊಟ್ಟಿ ಹಿಡಿದು ಕೂತೆ. ಎಂಟನೆಯ ದಿನ ಯಾರೋ ನಕ್ಕು, ಈ ವಾರ ಬೇರೆ, ಆ ವಾರ ಬೇರೆ ಎಂದು ಬಿಡಿಸಿ ಹೇಳಿದರು.

ಕಮಿಟಿ ನಕ್ಕಿತು, ಒಪ್ಪಿತು. ಪಾಲುದಾರಿಕೆಯ ಖಾತೆ ಎಂದರೆ ವಾರದ ಕರು. ಸತ್ತರೆ ಕೊಟ್ಟವರ ನಷ್ಟ. ಆದ್ದರಿಂದ ಆ ದುಡ್ಡಿನಿಂದ ಬರುವ ನಷ್ಟವನ್ನು ಬ್ಯಾಂಕಿನ ಬಂಡವಾಳ ಹೊರಬೇಕಾಗಿಲ್ಲ, ಆದ್ದರಿಂದ ಅಷ್ಟರಮಟ್ಟಿಗೆ ಆ ಬ್ಯಾಂಕು ಗಟ್ಟಿ. ಇದು ನನ್ನ ವಿಧಾನ. ಆಫೀಸಿನಲ್ಲಿ ಎಲ್ಲರೂ ಅದಕ್ಕೆ "ಸರೋಜಾಳ ಕರು" ಎಂದೇ ಹೆಸರಿಟ್ಟರು. ಹೆರಾಲ್ಡ್ ಒಬ್ಬನೇ ಕೆಮ್ಮಿ, "ಕರು ಸತ್ತಾಗ, ನಷ್ಟ ನಿಮ್ಮದು ಎಂದು ಆ ಹತ್ತು ಮನೆಗೆ ಹೋಗಿ ಹೇಳುವವರು ಯಾರು?" ಎಂದು ಕೇಳಿದ್ದ. "ಕರಾರಿನಲ್ಲಿ ಬರೆದಿದೆಯಲ್ಲ" ಎಂದು ನಾನು ಅವನ ಬಾಯಿ ಮುಚ್ಚಿಸಿದ್ದೆ. ಕೊನೆಗೆ ನನ್ನ ಸಹಿಯ ಪಕ್ಕದಲ್ಲಿ ತನ್ನದನ್ನೂ ಹಾಕಿದ.

ಯೂಸುಫ್ ಸಾಹೇಬರಿಗೆ ಈ ಕಥೆ ಬಹಳ ಹಿಡಿಸಿಬಿಟ್ಟಿತು. ಅಂದಿನಿಂದ ಪ್ರತಿ ಫೋನಿನ ಕೊನೆಯಲ್ಲಿ ಅವರದು ಒಂದೇ ತಮಾಷೆ.

"ಎಂತ ಮೇಡಂ, ನಿಮ್ಮ ಕರು ವಾಪಸ್ ಬಂತಾ?"

"ಇನ್ನೂ ಇಲ್ಲ ಸಾಹೇಬ್ರೆ. ವಾರ ಮುಗಿದಿಲ್ಲ."

ಪಕ್ಕದಲ್ಲಿ ಹೆರಾಲ್ಡ್, "ಏನಂತೆ?" ಎನ್ನುತ್ತಿದ್ದ. "ಕರು ವಿಚಾರಿಸುತ್ತಿದ್ದಾರೆ" ಎನ್ನುತ್ತಿದ್ದೆ. "ಕುಶಲೋಪರಿ" ಎಂದು ಬರೆದುಕೊಳ್ಳುತ್ತಿದ್ದ.

ಎಂಟು ವರ್ಷ ಹೀಗೇ ನಡೆಯಿತು. ನಾನು ಊರೂರಿನ ಸಭೆಗಳಿಗೆ ಹೋಗಿ ಕರುವಿನ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಆಮೇಲೆ ಯೂಸುಫ್ ಸಾಹೇಬರ ಊರಿನಲ್ಲಿ ಕಟ್ಟಡಗಳ ಬೆಲೆ ಬಿತ್ತು. ಬ್ಯಾಂಕುಗಳ ದುಡ್ಡೆಲ್ಲ ಕಟ್ಟಡಗಳಲ್ಲೇ ಇದ್ದದ್ದರಿಂದ ಎಲ್ಲರಿಗೂ ಪೆಟ್ಟು. ಅವರ ಬ್ಯಾಂಕಿನ ಎದುರಿಗೇ ಒಂದು ಸಾಮಾನ್ಯ ಬ್ಯಾಂಕಿತ್ತು. ಅದರ ಅಂಕವನ್ನು ಆಗಲೇ ಇಳಿಸಿದ್ದೆವು. ಇವರದ್ದು ಮಾತ್ರ ನನ್ನ ಹಾಳೆಯಲ್ಲಿ ಬಂಡೆಯ ಹಾಗೆ ನಿಂತಿತ್ತು. ಖಾತೆದಾರರಿಗೆ ಹಿಂದಿನ ವರ್ಷದಷ್ಟೇ ಲಾಭ ಹಂಚಿದ್ದರು, ಒಬ್ಬನೂ ದುಡ್ಡು ತೆಗೆದಿರಲಿಲ್ಲ. ಸಂಕಟದ ಕಾಲದಲ್ಲೂ ಹೀಗೆ ನಿಂತಿರುವ ಬ್ಯಾಂಕಿನ ಅಂಕ ಏರಿಸಬೇಕು ಎಂದು ನಾನೇ ಹನ್ನೆರಡು ಪುಟ ಬರೆದು, ಮುಂದಿನ ಮಂಗಳವಾರದ ಕಮಿಟಿಗೆ ಹಾಕಿದೆ. ಆ ಅಂಕ ನಂಬಿ ಆ ಬ್ಯಾಂಕಿನ ಬಡ್ಡಿಯಿಲ್ಲದ ಬಾಂಡು ಕೊಳ್ಳಲು ಕಾಯುತ್ತಿದ್ದವರಲ್ಲಿ ನಮ್ಮ ನ್ಯೂಜೆರ್ಸಿಯದೇ ಒಂದು ಪಿಂಚಣಿ ನಿಧಿ ಇತ್ತು, ಮಕ್ಕಳ ಶಾಲಾ ಬಸ್ಸು ಓಡಿಸುವವರದ್ದು. ಅವರ ಕಚೇರಿಯಿಂದ ಒಬ್ಬರು ಎರಡು ಸಲ ಫೋನು ಮಾಡಿ, "ಮಂಗಳವಾರ ಖಚಿತ ತಾನೆ?" ಎಂದು ಕೇಳಿದ್ದರು.

ಅದಕ್ಕೆ ಮುಂಚಿನ ಭಾನುವಾರ ಲಾಂಗ್ ಐಲೆಂಡಿನ ಜೆರಿಕೋದಲ್ಲಿರುವ ನಮ್ಮ ಅಕ್ಕನ ಮನೆಗೆ ಊಟಕ್ಕೆ ಹೋದೆ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಇಡೀ ಜೀವಮಾನ ರಕ್ತ ಪರೀಕ್ಷೆ ಮಾಡಿ ನಿವೃತ್ತಳಾದವಳು. ಕಂಡದ್ದನ್ನು ಕಂಡ ಹಾಗೆ ಹೇಳುವುದು ಅವಳ ಸ್ವಭಾವ, ಕಸುಬೂ ಅದೇ ಆಗಿತ್ತು. ಆ ದಿನ ಅವಳ ಮೊಮ್ಮಗಳು ನನ್ನ ಕೆಲಸ ಏನೆಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ನನ್ನ ಮಾಮೂಲಿ ಚುಕ್ಕಿಯ ಕಥೆ ಎತ್ತಿಕೊಂಡೆ. ರೊಟ್ಟಿ, ಬಾಗಿಲು, ಏಳು ದಿನ, ಎಲ್ಲ ಹೇಳಿದೆ. ಹುಡುಗಿ ನಕ್ಕಳು. ಅಕ್ಕ ಸಾರಿನ ಸೌಟು ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಸರೋಜಿ, ನೀನು ಇದನ್ನ ಇನ್ನೂ ನಂಬ್ಕೊಂಡಿದ್ದೀಯಾ?"

"ಏನನ್ನ?"

"ಚುಕ್ಕಿ ವಾರಕ್ಕೆ ಹೋಯ್ತು ಅನ್ನೋದನ್ನ. ಹತ್ತು ಮನೆ ಕರು ತಂದು ಸಾಕೋ ಮನೆ ಕಣೇ ನಮ್ಮದು. ನಮ್ಮ ಕರೂನ ಯಾಕೆ ಇನ್ನೊಬ್ಬರ ಮನೇಲಿ ಸಾಕ್ಸೋಕೆ ಕೊಡ್ತಾರೆ? ದೊಡ್ಡ ದೊಡ್ಡ ಬ್ಯಾಂಕಿನ ಲೆಕ್ಕ ನೋಡ್ತೀನಿ ಅಂತೀಯ, ಇಷ್ಟು ಹೊಳೀಲಿಲ್ವಾ ನಿಂಗೆ?"

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ.

"ಮತ್ತೆ ಎಲ್ಲಿಗೆ ಹೋಯ್ತು?"

"ಮೇಲಿನ ಬೀದಿ ನಂಜಮ್ಮನ ಮನೆಗೆ. ಅವರ ಕರು ನಮ್ಮ ಕೊಟ್ಟಿಗೇಲಿ ಹೊಟ್ಟೆ ಉಬ್ಬರಿಸಿ ಸತ್ತೋಯ್ತು. ವಾರದ ಲೆಕ್ಕದಲ್ಲಿ ಅಜ್ಜ ಏನೂ ಕೊಡಬೇಕಾಗಿರಲಿಲ್ಲ. ಆದ್ರೂ ಚುಕ್ಕೀನ ಕೊಂಡೋಗಿ ಅವರ ಬಾಗ್ಲಲ್ಲಿ ಕಟ್ಟಿ ಬಂದ್ರು. ನಾನೇ ಹಗ್ಗ ಹಿಡ್ಕೊಂಡು ಜೊತೇಲಿ ಹೋಗಿದ್ದೆ. ನೀನು ಅಳ್ತೀಯ ಅಂತ ವಾರಕ್ಕೆ ಕೊಟ್ವಿ ಅಂದ್ರು, ಅಷ್ಟೇ."

"ಕೊಡಬೇಕಾಗಿರಲಿಲ್ಲ ಅಂದ್ಮೇಲೆ ಯಾಕೆ ಕೊಟ್ರು?"

ಅಕ್ಕ ಸೌಟನ್ನು ಪಾತ್ರೆಗೆ ಇಳಿಸಿದಳು. "ಅಯ್ಯೋ ಪೆದ್ದಿ, ನಿಮ್ಮ ಹಣೇಬರಹ ಅಂತ ಅಜ್ಜ ಕೈ ತೊಳ್ಕೊಂಡಿದ್ರೆ, ಸಂಜೆಗೆ ಮಿಕ್ಕ ಒಂಬತ್ತು ಮನೆಯವ್ರೂ ಬಂದು ಹಗ್ಗ ಬಿಚ್ಕೊಂಡು ಹೋಗಿರೋರು. ಆಮೇಲೆ ನಾವು ಏನು ತಿನ್ನೋದು?"

ಅವಳು ಹೇಳಿದ್ದು ಅಷ್ಟೇ, ಹೇಳಿ ಮೊಮ್ಮಗಳಿಗೆ ಅನ್ನ ಬಡಿಸಿದಳು. ನನಗೆ ಮೊದಲು ಬಂದದ್ದು ಚುಕ್ಕಿಯ ದುಃಖ, ಸುಳ್ಳು ಹೇಳುವುದಿಲ್ಲ. ಅಜ್ಜನ ಮೇಲೆ ನಲವತ್ತು ವರ್ಷ ತಡವಾಗಿ ಸಿಟ್ಟೂ ಬಂತು. ಅದರ ಹಿಂದೆಯೇ ಮಂಗಳವಾರದ ಹನ್ನೆರಡು ಪುಟ ನೆನಪಾಯಿತು. ಎಂಟು ವರ್ಷ ನಾನು ವಾರದ ಕರಾರು ಏನು ಹೇಳುತ್ತದೆ ಎಂದು ಜಗತ್ತಿಗೆ ಪಾಠ ಹೇಳಿದ್ದೆ. ಕರು ಸತ್ತಾಗ ನಿಜವಾಗಿ ಯಾರ ಕೊಟ್ಟಿಗೆ ಖಾಲಿಯಾಯಿತು ಎಂದು ಒಂದು ಸಲವೂ ನೋಡಿರಲಿಲ್ಲ. ಹೆರಾಲ್ಡ್ ಕೆಮ್ಮಿ ಕೇಳಿದ್ದು ಇದನ್ನೇ.

ಸೋಮವಾರ ಎಡಿಸನ್ನಿನಿಂದ ಹೊರಡುವ ಮೊದಲ ರೈಲು ಹಿಡಿದೆ. ಕಿಟಕಿಯ ಪಕ್ಕ ಕೂತು ಆ ಬ್ಯಾಂಕಿನ ನಾಲ್ಕು ವರ್ಷದ ವರದಿಗಳನ್ನು ತೊಡೆಯ ಮೇಲೆ ಹರಡಿಕೊಂಡೆ. ಈ ಸಲ ಮೊದಲ ಪುಟದ ದಪ್ಪ ಅಂಕಿಗಳನ್ನು ಬಿಟ್ಟು ಕೊನೆಯ ಸಣ್ಣ ಅಕ್ಷರದ ಟಿಪ್ಪಣಿಗಳಿಗೆ ಹೋದೆ. ದುಡಿಸಿದ್ದಕ್ಕೆ ಬ್ಯಾಂಕಿಗೆ ಬರಬೇಕಾದ ಪಾಲು ಒಂದು ಕಡೆ ಇತ್ತು, ಬ್ಯಾಂಕು ನಿಜವಾಗಿ ಇಟ್ಟುಕೊಂಡ ಪಾಲು ಇನ್ನೊಂದು ಕಡೆ. ಎರಡನ್ನೂ ಪಕ್ಕಪಕ್ಕ ಬರೆದೆ. ಮೊದಲ ವರ್ಷ ಎರಡೂ ಒಂದೇ. ಆಮೇಲಿನ ವರ್ಷ ಇಟ್ಟುಕೊಂಡದ್ದು ಕಡಿಮೆ. ಅದರ ಮುಂದಿನ ವರ್ಷ ಇನ್ನೂ ಕಡಿಮೆ, ಕಷ್ಟಕಾಲಕ್ಕೆಂದು ಎತ್ತಿಟ್ಟಿದ್ದ ಗಂಟೂ ಕರಗಿತ್ತು. ಕಳೆದ ವರ್ಷ ಇಟ್ಟುಕೊಂಡದ್ದು ಹೆಚ್ಚುಕಡಿಮೆ ಏನೂ ಇಲ್ಲ. ಖಾತೆದಾರರ ನಷ್ಟವನ್ನು ಬ್ಯಾಂಕು ತನ್ನ ಕೈಯಿಂದ ತುಂಬಿಕೊಡುತ್ತಿತ್ತು. ಮುಂದಿನ ವರ್ಷ ತುಂಬಬೇಕಾದರೆ ಬಂಡವಾಳಕ್ಕೇ ಕೈ ಹಾಕಬೇಕು. ನಾನು ಬಂಡೆ ಎಂದುಕೊಂಡಿದ್ದ ಬ್ಯಾಂಕಿನ ಕೊಟ್ಟಿಗೆಯಲ್ಲಿ ಇನ್ನೊಂದು ಕರು ಮಾತ್ರ ಉಳಿದಿತ್ತು.

ಆಫೀಸಿಗೆ ಹೋದವಳೇ ಹೆರಾಲ್ಡನ ಮುಂದೆ ಕಾಗದ ಇಟ್ಟೆ. ಅವನು ಬಹಳ ಹೊತ್ತು ನೋಡಿದ. ನಿವೃತ್ತಿಗೆ ಅವನಿಗೆ ಉಳಿದಿದ್ದದ್ದು ಮೂರೇ ತಿಂಗಳು. ನನ್ನ ವಿಧಾನದ ಕೆಳಗೆ ಅವನ ಸಹಿಯೂ ಇತ್ತು.

"ಇದು ನಿಜವಾದರೆ, ನಾವು ಅಂಕ ಏರಿಸುವುದಲ್ಲ, ಇಳಿಸಬೇಕು" ಎಂದ.

"ಹೌದು."

"ಇದೊಂದೇ ಬ್ಯಾಂಕಲ್ಲ. ಈ ವಿಧಾನದಲ್ಲಿ ಅಳೆದ ಎಲ್ಲ ಬ್ಯಾಂಕುಗಳನ್ನೂ ಮತ್ತೆ ತೆರೆಯಬೇಕು."

"ಹೌದು."

"ಎಂಟು ವರ್ಷ, ಸರೋಜಾ."

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗಿತ್ತು ನನ್ನ ಎಂಟು ವರ್ಷ. ಒಂದು ಕ್ಷಣ, ಒಂದೇ ಕ್ಷಣ, ಆ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡರೆ ಯಾರಿಗೂ ತಿಳಿಯುವುದಿಲ್ಲ ಎನ್ನಿಸಿತು. ಆ ಸಣ್ಣ ಅಕ್ಷರದ ಟಿಪ್ಪಣಿ ಓದುವವರು ನನ್ನಂಥವರು ಬಿಟ್ಟರೆ ಇನ್ನಾರೂ ಇರಲಿಲ್ಲ. ನನ್ನಂಥವಳೇ ಎಂಟು ವರ್ಷ ಓದಿರಲಿಲ್ಲ. ಹೆರಾಲ್ಡ್ ಫೋನನ್ನು ನನ್ನ ಕಡೆ ತಳ್ಳಿದ. "ಅವರನ್ನೇ ಕೇಳಿ" ಎಂದ.

ಯೂಸುಫ್ ಸಾಹೇಬರು ಎಂದಿನ ಉತ್ಸಾಹದಲ್ಲಿ ಮಾತಾಡಿದರು. ಇಂಗ್ಲಿಷಿನಲ್ಲಿ ನಾಲ್ಕು ಮಾಮೂಲಿ ಪ್ರಶ್ನೆ ಕೇಳಿದೆ, ನಾಲ್ಕು ಮಾಮೂಲಿ ಉತ್ತರ ಬಂತು. ಬ್ಯಾಂಕಿನ ಪಾಲಿನ ಪ್ರಶ್ನೆ ಕೇಳಲು ನಾಲಿಗೆ ಏಳುತ್ತಿರಲಿಲ್ಲ. ಅಷ್ಟರಲ್ಲಿ ಅವರೇ ಕನ್ನಡಕ್ಕೆ ಹೊರಳಿದರು.

"ನಾಳೆ ಒಳ್ಳೆ ಸುದ್ದಿ ಕೊಡ್ತೀರಿ ಅಂತ ಕಾಯ್ತಾ ಇದ್ದೇವೆ ಮೇಡಂ. ಅದು ಬಿಡಿ, ಕರು ವಾಪಸ್ ಬಂತಾ?"

"ಬರಲ್ಲ ಸಾಹೇಬ್ರೆ," ಎಂದೆ. "ಅದು ವಾರಕ್ಕೆ ಹೋಗಿರಲಿಲ್ಲ."

"ಹಾಂ?"

"ನಮ್ಮ ಅಜ್ಜ ಸಾಕ್ತಿದ್ದ ಬೇರೆಯವರ ಕರು ಸತ್ತುಹೋಗಿತ್ತಂತೆ. ಅದರ ಬದಲಿಗೆ ನಮ್ಮದನ್ನ ಕೊಟ್ಟುಬಿಟ್ಟಿದ್ದರು. ನನ್ನ ಹತ್ರ ಮಾತ್ರ ವಾರಕ್ಕೆ ಕೊಟ್ಟೆ ಅಂದ್ರು. ನಂಗೆ ಗೊತ್ತಾಗಿದ್ದು ನಿನ್ನೆ."

ಹೆರಾಲ್ಡ್ ಪೆನ್ಸಿಲು ಎತ್ತಿ ಹಿಡಿದು ಕಾಯುತ್ತಿದ್ದ.

"ಎಷ್ಟು ಕರು ಕೊಟ್ಟಿದ್ದೀರಿ ಸಾಹೇಬ್ರೆ ನೀವು?" ಎಂದೆ.

ಸಾಹೇಬರ ಸ್ವರದಲ್ಲಿ ನಗೆ ಇರಲಿಲ್ಲ. "ಎದುರಿನ ಬ್ಯಾಂಕಿಗಿಂತ ಒಂದು ಕಾಸು ಕಡಿಮೆ ಕೊಟ್ರೂ ಜನ ಸಾಲಾಗಿ ನಿಲ್ತಾರೆ ಮೇಡಂ. ಕರಾರು ಯಾರು ಓದ್ತಾರೆ? ನೀವೇ ಹೇಳಿ, ನಾವು ಎಂತ ಮಾಡ್ಬೇಕಿತ್ತು?" ಆಮೇಲೆ ಇಂಗ್ಲಿಷಿಗೆ ಹೊರಳಿ, ಹೆರಾಲ್ಡನಿಗೂ ಅರ್ಥವಾಗುವ ಹಾಗೆ ನಿಧಾನವಾಗಿ ಹೇಳಿದರು. "ಪ್ರಶ್ನೆಯನ್ನು ಬರವಣಿಗೆಯಲ್ಲಿ ಕಳಿಸಿ. ಬರವಣಿಗೆಯಲ್ಲೇ ಉತ್ತರ ಕೊಡುತ್ತೇನೆ."

ಕಳಿಸಿದೆ. ಅವರು ಸಂಜೆಯೊಳಗೆ ವರ್ಷವಾರು ಲೆಕ್ಕ ಬಿಡಿಸಿ, ಏನನ್ನೂ ಮುಚ್ಚಿಡದೆ ಉತ್ತರ ಕೊಟ್ಟರು. ನನ್ನ ರೈಲಿನ ಲೆಕ್ಕಕ್ಕಿಂತ ಸ್ಥಿತಿ ಇನ್ನೂ ಹೆಚ್ಚು ಕೆಟ್ಟಿತ್ತು. ಈ ಕಸುಬಿಗೆ ಬರುವವರಿಗೆ ಇಷ್ಟು ಹೇಳಬೇಕು: ಸ್ನೇಹದ ಭಾಷೆಯಲ್ಲಿ ಕೇಳಿದ್ದನ್ನು ಕಡತಕ್ಕೆ ಹಾಕಬೇಡಿ, ಕಡತದ ಭಾಷೆಯಲ್ಲಿ ಮತ್ತೊಮ್ಮೆ ಕೇಳಿ. ಹೆರಾಲ್ಡ್ ತನ್ನ ಟಿಪ್ಪಣಿಯಲ್ಲಿ ಆ ದಿನ "ಕುಶಲೋಪರಿ" ಎಂದು ಬರೆಯಲಿಲ್ಲ.

ಮಂಗಳವಾರ ಕಮಿಟಿಯಲ್ಲಿ ನನ್ನ ಹನ್ನೆರಡು ಪುಟವನ್ನು ನಾನೇ ವಾಪಸು ತೆಗೆದುಕೊಂಡೆ. ಎದ್ದು ನಿಂತು, ನಾನು ತಪ್ಪು ಮಾಡಿದ್ದೇನೆ, ಎಂಟು ವರ್ಷ ಮಾಡಿದ್ದೇನೆ ಎಂದೆ. ಕರುವಿನ ಕಥೆಯ ಉಳಿದರ್ಧ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಹೆರಾಲ್ಡ್ ಎದ್ದು, "ನನಗೆ ಅನುಮಾನ ಇತ್ತು, ಆದರೂ ಸಹಿ ಹಾಕಿದೆ. ಆದ್ದರಿಂದ ಇದರಲ್ಲಿ ದೊಡ್ಡ ಪಾಲು ನನ್ನದು" ಎಂದು ಕೂತ. ಆ ಮನುಷ್ಯನ ಮೇಲೆ ನನಗಿದ್ದ ಹಳೆಯ ಸಣ್ಣಪುಟ್ಟ ಕೋಪವೆಲ್ಲ ಆ ಮಾತಿಗೆ ತೀರಿಹೋಯಿತು. ಬ್ಯಾಂಕಿನ ಅಂಕ ಇಳಿಯಿತು. ಶಾಲಾ ಬಸ್ಸಿನವರ ನಿಧಿ ಬಾಂಡು ಕೊಳ್ಳಲಿಲ್ಲ. ಮುಂದಿನ ಆರು ತಿಂಗಳು ಹಳೆಯ ಕಡತಗಳನ್ನು ಒಂದೊಂದಾಗಿ ತೆರೆದು ತಿದ್ದಿದೆವು. ಅಚ್ಚುಹಾಳೆಗೆ ಒಂದು ಹೊಸ ಸಾಲು ಸೇರಿತು: ಬ್ಯಾಂಕು ತನಗೆ ಬರಬೇಕಾದ ಪಾಲಿನಲ್ಲಿ ಎಷ್ಟು ಬಿಟ್ಟುಕೊಟ್ಟಿದೆ? ಇವತ್ತು ಯಂತ್ರ ಗುಂಡಿ ಒತ್ತಿದ ತಕ್ಷಣ ಆ ಸಾಲನ್ನೂ ತುಂಬುತ್ತದೆ. ಅದು ಎಲ್ಲಿಂದ ಬಂತು ಎಂದು ಯಂತ್ರಕ್ಕೆ ಗೊತ್ತಿಲ್ಲ, ನಿಮಗೆ ಗೊತ್ತಿರಲಿ.

ಇಸ್ಲಾಮಿಕ್ ಬ್ಯಾಂಕಿನ ಲಾಭ ಎಂಬುದು ಬಡ್ಡಿಗೆ ಇನ್ನೊಂದು ಹೆಸರು ಅಷ್ಟೇ ಎಂದು ಮೂಗು ಮುರಿಯುವವರನ್ನು ಬಹಳ ಕಂಡಿದ್ದೇನೆ. ಅವರು ಓದಿದ್ದೂ ಅರ್ಧವೇ. ಸಾಮಾನ್ಯ ಬ್ಯಾಂಕು ನಷ್ಟವನ್ನು ಬೇರೆ ರೀತಿ ಬಚ್ಚಿಡುತ್ತದೆ, ವಾಪಸು ಬಾರದ ಸಾಲಕ್ಕೆ ಹೊಸ ಸಾಲ ಕೊಟ್ಟು ಇನ್ನೂ ಜೀವ ಇದೆ ಎಂದು ತೋರಿಸುತ್ತದೆ. ಎರಡು ಕಡೆಯೂ ಸತ್ತ ಕರು ಇರುತ್ತದೆ. ಎಲ್ಲಿ ಹೂತಿದ್ದಾರೆ ಎಂದು ಹುಡುಕುವುದೇ ನಮ್ಮ ಕೆಲಸ.

ಅಂಕ ಇಳಿಸಿದ ಮೇಲೆ ಯೂಸುಫ್ ಸಾಹೇಬರ ಫೋನು ಒಂದೂವರೆ ವರ್ಷ ಬರಲಿಲ್ಲ. ಬ್ಯಾಂಕಿನ ಮಾತೆಲ್ಲ ಅವರ ಕೈಕೆಳಗಿನವರ ಮೂಲಕ ನಡೆಯಿತು. ನನ್ನಿಂದ ಅವರ ಕೆಲಸಕ್ಕೆ ಕುತ್ತು ಬಂತೇನೋ ಎಂದು ಹೆದರಿದ್ದೆ. ಕೇಳುವ ಧೈರ್ಯ ಇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನನ್ನ ಮೇಜಿನ ಫೋನು ರಿಂಗಾಯಿತು. ಹೆರಾಲ್ಡನ ಜಾಗದಲ್ಲಿ ಬಂದಿದ್ದ ಹೆಣ್ಣುಮಗಳು ನಿಯಮದ ಪ್ರಕಾರ ಪಕ್ಕದಲ್ಲಿ ಬಂದು ಕೂತಳು.

"ಮೇಡಂ, ಈ ವರ್ಷ ಹೇಳೇ ಬಿಟ್ವಿ," ಎಂದರು ಸಾಹೇಬರು, ಸಲಾಮೂ ಇಲ್ಲ, ನಮಸ್ಕಾರವೂ ಇಲ್ಲ. "ಮಾಲೀಕರು ಹೊಸ ಬಂಡವಾ‌ಳ ಹಾಕಿದ್ರು. ಆದ್ರೆ ಇನ್ನು ಮೇಲೆ ಕೈಯಿಂದ ತುಂಬೋದಿಲ್ಲ, ಈ ಸಲ ಪಾಲು ಕಡಿಮೆ, ಕರಾರು ಇಂಥದ್ದು ಅಂತ ಎಲ್ಲಾ ಬ್ರಾಂಚಿನ ಬಾಗಿಲಲ್ಲಿ ಬರ್ದು ಹಾಕಿದ್ವಿ. ನಾನೇ ಹೋಗಿ ನಿಂತಿದ್ದೆ."

"ಮತ್ತೆ? ಜನ?"

"ಬಂದ್ರು ಮಾರಾಯ್ರೆ. ಚಾ ಕುಡಿದ್ರು. ಎರಡು ದಿನ ಚೆನ್ನಾಗಿ ಬೈದ್ರು. ನಾಲ್ಕು ಜನ ದುಡ್ಡು ತೆಗೆದ್ರು. ಮಿಕ್ಕವರು ಮನೆಗೆ ಹೋದ್ರು, ಅಷ್ಟೇ."

ಪಕ್ಕದ ಹೆಣ್ಣುಮಗಳು ಏನಂತೆ ಎಂದು ಕೇಳಿದಳು, "ಕರು ಸತ್ತದ್ದನ್ನು ಹೇಳಿಬಿಟ್ಟರಂತೆ" ಎಂದೆ. ಚುಕ್ಕಿಯನ್ನು ನಂಜಮ್ಮನ ಮನೆಗೆ ಕೊಟ್ಟೆ ಎಂದು ಅಜ್ಜ ಅವತ್ತೇ ಹೇಳಿದ್ದರೆ ನಾನೂ ಎರಡು ದಿನ ಅಳುತ್ತಿದ್ದೆ. ಮೂರನೆಯ ದಿನ ಮೇಲಿನ ಬೀದಿಗೆ ಹೋಗಿ ಅದಕ್ಕೆ ರೊಟ್ಟಿ ತಿನ್ನಿಸಿ ಬರುತ್ತಿದ್ದೆ.